ಸೋಮವಾರದ ಚಪ್ಪಾಳೆ

ಆರನೇ ತಾರೀಕು, ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ದೂರಿನಂಥದ್ದನ್ನು ಹೆಡ್ ಕಾನ್‌ಸ್ಟೇಬಲ್ ತಮ್ಮ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ಅವರನ್ನು ಠಾಣೆಯಲ್ಲಿ ಎಲ್ಲರೂ ದಫೇದಾರರೇ ಎಂದು ಕರೆಯುತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದರೂ ಅವರ ನಾಲಿಗೆಗೆ ಇನ್ನೂ ನಿವೃತ್ತಿ ಬಂದಿರಲಿಲ್ಲ. ದೂರು ತಂದವರು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಯಜಮಾನಿ. ಐವತ್ತರ ಆಸುಪಾಸಿನ ಹೆಂಗಸು, ಬೆರಳ ಸಂದಿಗಳಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ. ಯಾರ ಮೇಲಾದರೂ ಅನುಮಾನ ಇದೆಯೇ ಎಂದು ಕೇಳಿದಾಗ ಅವರು ಮೊದಲು ಬರೆಸಿದ್ದು ತಮ್ಮನ್ನೇ.

ದಫೇದಾರರು ಪೆನ್ನು ಮೇಲೆತ್ತಿದರು. "ಅಮ್ಮಾ, ದೂರು ಕೊಡೋರೂ ನೀವೇ, ಆರೋಪಿನೂ ನೀವೇ ಆದ್ರೆ ನಾವು ಯಾಕಿರೋದು?"

"ಜಾಗ ನನ್ನದು, ಬಾಯ್ಲರ್ ನನ್ನದು. ಮೊದಲ ಅನುಮಾನ ನನ್ನ ಮೇಲೇ ಬರಬೇಕಲ್ವಾ? ಬರ್ಕೊಳ್ಳಿ. ನಮ್ಮ ಕಾರ್ಖಾನೇಲಿ ಮುಚ್ಚುಮರೆ ಇಲ್ಲ."

ಗದ್ದಲ ಕೇಳಿ ಇನ್ಸ್‌ಪೆಕ್ಟರ್ ಒಳಗಿನಿಂದ ಬಂದು ಕುರ್ಚಿ ಎಳೆದುಕೊಂಡು ಕೂತರು. ಯಜಮಾನಿ ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಸರ್ಕಾರದ ಹೊಸ ಹವಾಮಾನ ನೀತಿ ಬಂದಾಗ, ಊರಲ್ಲಿ ಎಲ್ಲರಿಗಿಂತ ಮೊದಲು ಕಲ್ಲಿದ್ದಲಿನ ಬಾಯ್ಲರ್ ನಿಲ್ಲಿಸಿದ್ದು ಅವರ ಕಾರ್ಖಾನೆ. ಈಗ ಛಾವಣಿಯ ಮೇಲೆ ಬಿಸಿಲಿನಲ್ಲೇ ನೀರು ಕಾಯುತ್ತದೆ. ಮಾಲಿನ್ಯ ಇಲಾಖೆಯವರು ಬಂದು ಹಳೆಯ ಬಾಯ್ಲರಿನ ಬಾಯಿಗೆ ತಂತಿ ಬಿಗಿದು, ಅರಗಿನ ಮುದ್ರೆ ಒತ್ತಿ ಹೋಗಿದ್ದರು. ಅದರ ಫಲವಾಗಿ ಪ್ರತಿ ಬಟ್ಟೆಯ ಅಂಚಿಗೆ 'ಹೊಗೆ ಇಲ್ಲದ ಬಟ್ಟೆ' ಎಂದು ಅಚ್ಚು ಹಾಕುವ ಅನುಮತಿ ಸಿಕ್ಕಿತ್ತು. ದೂರದ ಅಂಗಡಿಗಳು ಇವರ ಬಟ್ಟೆ ಕೊಳ್ಳುತ್ತಿದ್ದದ್ದೇ ಆ ಅಚ್ಚಿಗಾಗಿ.

"ಇವತ್ತು ಬೆಳಿಗ್ಗೆ ಬೇಗ ಬಂದೆ. ಕಾರು ನಿಲ್ಲಿಸಿ ಒಂದು ಸುತ್ತು ಹಾಕಿ ಬರೋಷ್ಟರಲ್ಲಿ ಗಾಜಿನ ಮೇಲೆ ಮಸಿ. ಬಾಯ್ಲರ್ ಮನೆಗೆ ಹೋಗಿ ನೋಡಿದ್ರೆ ತಂತಿ ಕತ್ತರಿಸಿ ಮತ್ತೆ ಸುತ್ತಿದ್ದಾರೆ. ಮುದ್ರೆ ಎರಡು ಹೋಳು. ಬೂದಿ ಇನ್ನೂ ಬೆಚ್ಚಗಿತ್ತು."

"ಇಲಾಖೆಗೆ ಯಾರು ಹೇಳಿದ್ದು?"

"ನಾನೇ ಫೋನ್ ಮಾಡ್ದೆ."

"ಬಾಯಿ ಮುಚ್ಕೊಂಡು ಬೇರೆ ತಂತಿ ಕಟ್ಟಿದ್ದಿದ್ರೆ?"

"ಯಾರಿಗೂ ಗೊತ್ತಾಗ್ತಿರಲಿಲ್ಲ."

"ಮತ್ತೆ?"

"ನನಗೆ ಗೊತ್ತಾಗಿತ್ತಲ್ಲ ಸಾರ್."

ಇನ್ಸ್‌ಪೆಕ್ಟರ್ ಅವರ ಮುಖ ನೋಡಿದರು. ಕಳ್ಳರ ಮುಖ ಓದುವುದರಲ್ಲಿ ಪಳಗಿದ ಕಣ್ಣಿಗೆ ಇಂಥ ಮುಖ ಓದುವ ಅಭ್ಯಾಸ ಕಡಿಮೆ.

ಇಲಾಖೆಯ ಅಧಿಕಾರಿ ಫೋನಿನಲ್ಲೇ ಒಂದು ವಾರ ಗಡುವು ಕೊಟ್ಟಿದ್ದರು. ಮುಂದಿನ ಮಂಗಳವಾರದೊಳಗೆ ಮುದ್ರೆ ಒಡೆದವರು ಯಾರೆಂದು ಗೊತ್ತಾಗದಿದ್ದರೆ, ಕಂಪನಿಯೇ ಕದ್ದು ಬಾಯ್ಲರ್ ಉರಿಸಿದೆ ಎಂದು ತಿಳಿದು ಅನುಮತಿ ರದ್ದು. ಅನುಮತಿ ಹೋದರೆ ಅಚ್ಚು ಹೋಗುತ್ತದೆ, ಅಚ್ಚು ಹೋದರೆ ಅಂಗಡಿಗಳು ಹೋಗುತ್ತವೆ, ಅಂಗಡಿಗಳು ಹೋದರೆ ನೂರು ಚಿಲ್ಲರೆ ಜನರ ಅನ್ನ. ಸರ್ಕಾರಿ ಮುದ್ರೆ ಒಡೆದ ಆರೋಪದ ಮೇಲೆ, ಅಪರಿಚಿತ ವ್ಯಕ್ತಿಯ ವಿರುದ್ಧ, ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಅನುಮಾನಿತರಲ್ಲಿ ಯಜಮಾನಿಯ ಹೆಸರು ಅವರ ಒತ್ತಾಯದ ಮೇರೆಗೆ ಹಾಗೇ ಉಳಿಯಿತು.

ಹನ್ನೊಂದಕ್ಕೆ ಪಂಚನಾಮೆ. ಕಾರ್ಖಾನೆಯೊಳಗೆ ಕಾಲಿಟ್ಟ ಕೂಡಲೇ ದಫೇದಾರರಿಗೆ ಒಂಥರಾ ಇರುಸುಮುರುಸಾಯಿತು. ಯಾವ ಕೋಣೆಗೂ ಬಾಗಿಲಿಲ್ಲ. ಕಪಾಟುಗಳಿಗೆ ಗಾಜು, ಯಾವುದಕ್ಕೂ ಬೀಗವಿಲ್ಲ. ಯಜಮಾನಿಯ ಮೇಜು ದೊಡ್ಡ ಹಾಲಿನ ನಟ್ಟನಡುವೆ. ಹಿಂದಿನ ಗೋಡೆಯ ಮೇಲೆ ಯಜಮಾನಿಯಿಂದ ಹಿಡಿದು ಕಸ ಗುಡಿಸುವವರ ತನಕ ಯಾರ ಸಂಬಳ ಎಷ್ಟು ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

"ನಮ್ಮ ಠಾಣೇಲಿ ಹೀಗೆ ಬರೆದ್ರೆ ಅರ್ಧ ಗಂಟೇಲಿ ಕೊಲೆ ಕೇಸು," ಎಂದರು ದಫೇದಾರರು.

ಬಾಯ್ಲರ್ ಮನೆ ಹಿತ್ತಲಲ್ಲಿ, ಎತ್ತರದ ಕಾಂಪೌಂಡಿಗೆ ಒತ್ತಿಕೊಂಡಿತ್ತು. ಒಲೆಯ ಬಾಯಲ್ಲಿ ಬೂದಿ, ಅರ್ಧ ಸುಟ್ಟ ರಟ್ಟಿನ ಚೂರು, ನೆಲದ ಮೇಲೆ ಬೆಂಕಿಕಡ್ಡಿಗಳ ರಾಶಿ. ಮೂಲೆಯಲ್ಲಿ ಹಳೆಯ ಕಲ್ಲಿದ್ದಲಿನ ಗುಡ್ಡೆ, ಅದರಲ್ಲಿ ಹೊಸದಾಗಿ ಸಲಿಕೆ ಹಾಕಿದ ಗುರುತು. ಗೋಡೆಯ ಕಡೆ ಹೊರಗೆ ಹೋಗುವ ಒಂದು ಪೈಪು. ಎಲ್ಲವನ್ನೂ ಬರೆದುಕೊಂಡರು, ಚಿತ್ರ ತೆಗೆದರು, ಬೂದಿಯನ್ನು ಪೊಟ್ಟಣ ಕಟ್ಟಿದರು. ಪಕ್ಕದ ಸೈಕಲ್ ಅಂಗಡಿಯವನನ್ನೂ ಹಾಲು ಮಾರುವವನನ್ನೂ ಕರೆಸಿ ಪಂಚರಾಗಿ ಸಹಿ ಹಾಕಿಸಿದರು. ಹೊರಡುವಾಗ ಬಾಯ್ಲರ್ ಮನೆಗೆ ಪೊಲೀಸರ ಬೀಗ ಬಿತ್ತು. ಆ ಕಾರ್ಖಾನೆ ಕಂಡ ಮೊದಲ ಬೀಗ ಅದು.

ಬೀಗ ಬೀಳುವ ಮುಂಚೆ, ಅಲ್ಲಿಗೇ ಮೊದಲು ಕರೆಸಿದ್ದು ಸಹಜವಾಗಿ ಹಳೆಯ ಬಾಯ್ಲರ್ ಆಪರೇಟರನ್ನು. ಎಲ್ಲರ ಬಾಯಲ್ಲೂ ಆತ ಮಾವ. ಬಾಯ್ಲರ್ ನಿಂತ ಮೇಲೆ ಅದೇ ಸಂಬಳಕ್ಕೆ ಛಾವಣಿಯ ಫಲಕಗಳನ್ನು ಒರೆಸುವ ಕೆಲಸ ಕೊಟ್ಟಿದ್ದರು. ಕೆಲಸ ಹೋದ ಸಿಟ್ಟು, ಹಳೆಯ ಯಂತ್ರದ ಮೋಹ: ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಅರ್ಧ ದೋಷಾರೋಪಣ ಪಟ್ಟಿ ಬರೆದು ಮುಗಿಸಿದ್ದರು.

"ಬಾಯ್ಲರ್ ಹಚ್ಚಿದ್ದು ನೀನಾ?"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾರ್, ಇಪ್ಪತ್ತು ವರ್ಷ ಅದರ ಮುಂದೆ ಬೆಂದಿದ್ದೀನಿ. ಈಗ ಗಾಳಿಯಲ್ಲಿ ನಿಂತು ಗಾಜು ಒರೆಸ್ತೀನಿ. ಸೊಂಟ ನೋವು ಹೋಯ್ತು, ಮನೇಲಿ ಹೆಂಡ್ತಿ ಹತ್ರ ಕೂರ್ತಾಳೆ. ನನಗೇನು ತಲೆ ಕೆಟ್ಟಿದ್ಯಾ?"

"ಮತ್ತೆ ಯಾರು?"

"ಯಾರೋ ಕೈ ಪಳಗದೋರು. ಇಡೀ ಪೆಟ್ಟಿಗೆ ಕಡ್ಡಿ ಗೀರಿದ್ದಾರೆ ನೋಡಿ. ಒದ್ದೆ ಕಲ್ಲಿದ್ದಲು ಹಾಕಿದ್ರೆ ಮಸಿ ಹಾರದೆ ಇರುತ್ತಾ?"

"ಆ ಪೈಪು ಯಾವುದು?"

"ಮಿಕ್ಕಿದ ಬಿಸಿನೀರು ಹೊರಗೆ ಹೋಗೋ ಪೈಪು. ಆಚೆ ಮೋರಿಗೆ."

'ಮೋರಿಗೆ' ಎಂದು ಬರೆದುಕೊಂಡರು. ಗೋಡೆಯಾಚೆ ಹೋಗಿ ನೋಡಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಮಾವನಿಗೂ ಇಪ್ಪತ್ತು ವರ್ಷ ಅನ್ನಿಸಿರಲಿಲ್ಲವಂತೆ.

ಬುಧವಾರ, ಗುರುವಾರ ಠಾಣೆಯಲ್ಲಿ ಉಳಿದವರ ವಿಚಾರಣೆ ನಡೆಯಿತು. ಇನ್ಸ್‌ಪೆಕ್ಟರಿಗೆ ಬಾಯಿ ಬಿಡದವರ ಬಾಯಿ ಬಿಡಿಸಿ ಗೊತ್ತಿತ್ತು. ಬಿಟ್ಟ ಬಾಯಿ ಮುಚ್ಚಿಸುವ ಕೆಲಸ ಹೊಸದು. ಲಾರಿ ಡ್ರೈವರ್ ಕೂತ ಕೂಡಲೇ, ಗೇಟಿಗೆ ಗುದ್ದಿದ್ದು ತಾನೇ ಎಂದ. ಲೆಕ್ಕಪತ್ರದವರು, ಕಂಪನಿಯ ಎರಡು ಪೆನ್ನು ಮಗಳ ಶಾಲೆಯ ಚೀಲ ಸೇರಿವೆ ಎಂದರು. ಬಟ್ಟೆಯಲ್ಲಿ ಕಲೆ ಹುಡುಕುವ ಅಕ್ಕ, ಊಟದ ಮೇಲೆ ಬಂಡಲುಗಳ ಹಿಂದೆ ನಿದ್ದೆ ಹೊಡೆದದ್ದನ್ನು ಕಣ್ಣಲ್ಲಿ ನೀರು ತಂದುಕೊಂಡು ಒಪ್ಪಿಕೊಂಡಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರನ್ನ ಕಂಡಿದ್ದೀನಿ," ಎಂದರು ದಫೇದಾರರು, ಬರೆದು ಬರೆದು ಸೋತ ಕೈ ಜಾಡಿಸುತ್ತ. "ಇಲ್ಲಿ ಎಲ್ಲರೂ ಕುಂಬಳಕಾಯಿ ಹೊತ್ಕೊಂಡೇ ಬರ್ತಿದ್ದಾರೆ ಸಾರ್. ನಮಗೆ ಬೇಕಾದ ಕಾಯಿ ಮಾತ್ರ ಇಲ್ಲ."

ಇದಕ್ಕೆ ಕಾರಣ ಯಜಮಾನಿ ವಿವರಿಸಿದರು. ಹಿಂದೊಮ್ಮೆ ಒಬ್ಬ ಕೆಲಸಗಾರ ಬೈಗುಳಕ್ಕೆ ಹೆದರಿ ತಪ್ಪು ರಾಸಾಯನಿಕ ಬೆರೆಸಿದ್ದನ್ನು ಮುಚ್ಚಿಟ್ಟಿದ್ದ. ತೊಟ್ಟಿ ಉಕ್ಕಿ ಅವನ ಕೈ ಸುಟ್ಟಿತು. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ತಪ್ಪಿನ ಸಭೆ. ಎಲ್ಲರೂ ಸೇರುತ್ತಾರೆ, ಒಬ್ಬೊಬ್ಬರಾಗಿ ಎದ್ದು, ಆ ವಾರ ತಾವು ಮಾಡಿದ ತಪ್ಪು ಹೇಳುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಪ್ರಶ್ನೆ ಕೇಳುವಂತಿಲ್ಲ, ಬೈಯುವಂತಿಲ್ಲ, ಸಭೆ ಮುಗಿದ ಮೇಲೆ ಆ ಮಾತು ಎತ್ತುವಂತಿಲ್ಲ.

"ಅಂದಿನಿಂದ ಒಂದು ಕೈ ಸುಟ್ಟಿಲ್ಲ ಸಾರ್," ಎಂದರು ಯಜಮಾನಿ. ಆ ಮಾತಿನಲ್ಲಿ ಹೆಮ್ಮೆ ಇತ್ತು, ಮತ್ತು ಅದು ನ್ಯಾಯವಾದ ಹೆಮ್ಮೆ.

ಗುರುವಾರ ಸಂಜೆ ನಾಲ್ಕೂವರೆಗೆ ಕಡೆಯವನಾಗಿ ಬಂದವನು ಹಸಿರಪ್ಪ. ಕಂಪನಿಯ ಹೊಗೆ, ನೀರು, ವಿದ್ಯುತ್ತು ಎಲ್ಲದರ ಲೆಕ್ಕ ಇಡುವವನು. ಬಾಯ್ಲರ್ ಮುಚ್ಚಿಸಿದ್ದೂ, ಅದಕ್ಕಾಗಿ ಇಲಾಖೆಯಿಂದ ಬಹುಮಾನ ಪಡೆದದ್ದೂ ಇವನೇ. ಈ ಹೆಸರು ಯಾರೋ ತಮಾಷೆಗೆ ಇಟ್ಟದ್ದು, ಈಗ ಫೋನ್ ಎತ್ತಿದರೆ ಅವನೇ "ಹಸಿರಪ್ಪ ಮಾತಾಡ್ತಿರೋದು" ಎನ್ನುತ್ತಿದ್ದ. ವಯಸ್ಸು ಮೂವತ್ತೈದು, ಸೈಕಲ್ಲಿನಲ್ಲಿ ಓಡಾಡುವವನು, ಮಾತು ಶುರು ಮಾಡಿದರೆ ಬ್ರೇಕಿಲ್ಲ.

"ಬಾಯ್ಲರ್ ವಿಷಯ ಏನು ಗೊತ್ತು?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಎಲ್ಲಾ ಹೇಳ್ತೀನಿ ಸಾರ್. ಆದ್ರೆ ಮೊದಲಿಂದ ಹೇಳಿದ್ರೇನೇ ಅರ್ಥ ಆಗೋದು. ಮೊದಲನೇದಾಗಿ, ಈ ಫ್ಯಾನ್ ಹಾಕಿದ್ದು ನಾನು. ಕಿಟಕಿ ತೆಗೆದಿದ್ರೆ ಸಾಕಿತ್ತು."

"ಪರವಾಗಿಲ್ಲ, ಮುಂದೆ ಹೇಳಿ."

"ಮುನ್ನೂರು ವರ್ಷದ ಹಿಂದೆ ಮನುಷ್ಯ ಕಲ್ಲಿದ್ದಲನ್ನ ದೊಡ್ಡ ಪ್ರಮಾಣದಲ್ಲಿ ಸುಡೋಕೆ ಶುರು ಮಾಡಿದಾಗ..."

"ಮುನ್ನೂರು ವರ್ಷ ಬೇಡ್ರೀ. ಈ ಮಂಗಳವಾರ."

"ಅಲ್ಲಿಗೇ ಬರ್ತಿದ್ದೀನಿ. ಹೊಗೆ ಬಿಟ್ಟೋರು ಒಬ್ರು, ಕೆಮ್ಮೋರು ಇನ್ನೊಬ್ರು. ಅನ್ಯಾಯ ಇರೋದು ಇದರಲ್ಲೇ ಸಾರ್. ನಾವು ನಮ್ಮಂಗಳ ಗುಡಿಸಿ ಕಸ ಎಲ್ಲಿಗೆ ಹಾಕಿದ್ವಿ ಅನ್ನೋದನ್ನ..."

ಅಷ್ಟರಲ್ಲಿ ಮೇಲಧಿಕಾರಿಯ ಫೋನ್ ಬಂತು. ಇನ್ಸ್‌ಪೆಕ್ಟರ್ ಬದುಕಿದೆಯಾ ಬಡಜೀವವೇ ಎಂದು ಎದ್ದು ಹೊರಗೆ ಹೋದರು. ಇಪ್ಪತ್ತು ನಿಮಿಷ ಬಿಟ್ಟು ಬಂದಾಗ ಹಸಿರಪ್ಪ ಹಾಗೇ ಕೂತಿದ್ದ, ಫ್ಯಾನ್ ನಿಂತಿತ್ತು. "ಉಳಿದದ್ದು ಆಮೇಲೆ," ಎಂದು ಅವನನ್ನು ಕಳಿಸಿಬಿಟ್ಟರು. ಮಾತು ಪೂರ್ತಿ ಕೇಳುವುದಿಲ್ಲ ಎಂಬ ದೂರು ಇನ್ಸ್‌ಪೆಕ್ಟರ್ ಮೇಲೆ ಅವರ ಮನೆಯಲ್ಲಿ ಬಹಳ ವರ್ಷಗಳಿಂದ ಇತ್ತು, ಆದರೆ ಅದಕ್ಕೆ ಎಫ್‌ಐಆರ್ ಆಗಿರಲಿಲ್ಲ.

ಶುಕ್ರವಾರ, ಶನಿವಾರ ಹೊರಗಿನವರ ಜಾಡು ಹಿಡಿದರು. ಬೇರೆ ಬಣ್ಣದ ಕಾರ್ಖಾನೆಯವರ ಹೊಟ್ಟೆಕಿಚ್ಚೇ? ಹಳೆಯ ಕಬ್ಬಿಣದ ಕಳ್ಳರೇ? ಗೇಟಿನ ಕಾವಲುಗಾರ ಹೊರಗಿನವರು ಯಾರೂ ಬಂದಿಲ್ಲ ಎಂದು ಆಣೆ ಮಾಡಿದ. ಒಳಗಿನವರು ಯಾರು ಯಾವ ಹೊತ್ತಿಗಾದರೂ ಬರಬಹುದಿತ್ತು, ಬರೆದಿಡುವ ಪದ್ಧತಿ ಇರಲಿಲ್ಲ. ಭಾನುವಾರ ಇನ್ಸ್‌ಪೆಕ್ಟರ್ ಕಡತ ಮುಂದಿಟ್ಟುಕೊಂಡು ಕೂತರು. ಅವರ ಕೈಯಲ್ಲಿ ಊರಿಗಾಗುವಷ್ಟು ತಪ್ಪೊಪ್ಪಿಗೆ ಇತ್ತು, ಬೇಕಾದ ಒಂದು ಇರಲಿಲ್ಲ. ನೂರು ಚಿಲ್ಲರೆ ಜನರ ಮುಖ ಕಣ್ಣ ಮುಂದೆ ಬಂದು ಅವರಿಗೆ ನಿಜಕ್ಕೂ ಸಂಕಟವಾಯಿತು. ಅಂಥ ಒಳ್ಳೆಯ ಜಾಗ ಮುಚ್ಚುವುದನ್ನು ನೋಡುವ ಮನಸ್ಸು ಅವರಿಗಿರಲಿಲ್ಲ.

"ನಾಳೆ ಸಭೆಗೆ ಬನ್ನಿ ಸಾರ್," ಎಂದು ಯಜಮಾನಿ ಫೋನಿನಲ್ಲಿ ಹೇಳಿದರು. "ಎಲ್ಲರೂ ಒಂದೇ ಕಡೆ ಸಿಗ್ತಾರೆ."

ಹನ್ನೆರಡನೇ ತಾರೀಕು, ಸೋಮವಾರ ಎಂಟೂವರೆ. ಎಲ್ಲರೂ ಬಟ್ಟೆಯ ಬಂಡಲುಗಳ ಮೇಲೆ ಸಾಲಾಗಿ ಕೂತಿದ್ದರು. ಪೊಲೀಸರಿಬ್ಬರಿಗೆ ಹಿಂದುಗಡೆ ಹಳದಿ ಬಂಡಲು. ಮೊದಲು ಯಜಮಾನಿ ಎದ್ದು, ಮುದ್ರೆ ಒಡೆದದ್ದು ತಮಗೆ ಮೊದಲೇ ಕಾಣಬೇಕಿತ್ತು, ಬಾಯ್ಲರ್ ಮನೆಯ ಕಡೆ ಎಷ್ಟೋ ದಿನ ಹೋಗಿರಲಿಲ್ಲ ಎಂದರು. ಚಪ್ಪಾಳೆ. ಮಾವ ಎದ್ದು, ಒಂದು ಫಲಕ ಒರೆಸದೆ ಬಿಟ್ಟೆ ಎಂದ. ಚಪ್ಪಾಳೆ. ಇನ್ಸ್‌ಪೆಕ್ಟರ್ ಮಾತಾಡುವವರನ್ನು ಬಿಟ್ಟು ಕೇಳುವವರನ್ನು ನೋಡುತ್ತಿದ್ದರು. ಒಂದು ವಿಚಿತ್ರ ಅವರ ಕಣ್ಣಿಗೆ ಬಿತ್ತು. ಕೂತವರ ತುಟಿಗಳು ಸಣ್ಣಗೆ ಅಲುಗಾಡುತ್ತಿದ್ದವು. ಪ್ರತಿಯೊಬ್ಬರೂ ತಮ್ಮ ಸರದಿಯ ಮಾತನ್ನು ಒಳಗೊಳಗೇ ಉರು ಹೊಡೆಯುತ್ತಿದ್ದರು. ಕೈ ಮಾತ್ರ ಹೊತ್ತಿಗೆ ಸರಿಯಾಗಿ ತಟ್ಟುತ್ತಿತ್ತು.

ಹಸಿರಪ್ಪ ಎದ್ದ. ದಫೇದಾರರು ಆಕಳಿಸಿದರು.

"ಇವತ್ತು ಬರುವಾಗ ಒಂದು ದೀಪ ಆರಿಸೋದು ಮರೆತೆ," ಎಂದ ಹಸಿರಪ್ಪ. "ಮತ್ತೆ, ಹೋದ ಮೂರು ವಾರ ಹೇಳಿದ್ದನ್ನೇ ಈ ವಾರಾನೂ ಹೇಳ್ತೀನಿ. ಮಂಗಳವಾರ ಬೆಳಿಗ್ಗೆ ಬಾಯ್ಲರ್ ಹಚ್ಚಿದ್ದು ನಾನು. ಶುಕ್ರವಾರ ಹಚ್ಚೋಕಾಗಲಿಲ್ಲ, ಪೊಲೀಸ್‌ನೋರು ಬೀಗ ಹಾಕಿದ್ರು. ಆ ತಪ್ಪಿಗೂ ಕ್ಷಮೆ ಇರಲಿ."

ಚಪ್ಪಾಳೆ ಬಿತ್ತು. ಇನ್ಸ್‌ಪೆಕ್ಟರ್ ಕೂಡ ಎರಡು ಸಲ ತಟ್ಟಿದರು. ಮೂರನೆಯದಕ್ಕೆ ಕೈ ಗಾಳಿಯಲ್ಲೇ ನಿಂತಿತು. ಪಕ್ಕದಲ್ಲಿ ದಫೇದಾರರು ಇನ್ನೂ ತಟ್ಟುತ್ತಿದ್ದರು. ಅಷ್ಟು ಹೊತ್ತಿಗೆ ಲಾರಿ ಡ್ರೈವರ್ ಎದ್ದು ಗೇಟಿನ ಕತೆ ಶುರು ಮಾಡಿಯಾಗಿತ್ತು.

"ಕೂತ್ಕೊಳ್ಳಯ್ಯ!" ಎಂದು ಕೂಗಿ ಇನ್ಸ್‌ಪೆಕ್ಟರ್ ಎದ್ದು ನಿಂತರು. "ಹಸಿರಪ್ಪನೋರೇ, ಈಗ ಏನಂದ್ರಿ?"

ಹಾಲ್ ಸ್ತಬ್ಧವಾಯಿತು. ಹಸಿರಪ್ಪ ಹೇಳಿದ ಮಾತಿಗೆ ಅಲ್ಲ. ಸಭೆಯಲ್ಲಿ ಒಬ್ಬರು ಪ್ರಶ್ನೆ ಕೇಳಿಬಿಟ್ಟಿದ್ದರು.

"ಇಲ್ಲಿ ಪ್ರಶ್ನೆ ಕೇಳಬಾರದು ಸಾರ್," ಎಂದು ಮುಂದಿನ ಸಾಲಿನಿಂದ ಯಾರೋ ಮೆಲ್ಲಗೆ ಹೇಳಿದರು.

"ನಾನು ಪೊಲೀಸು ಕಣ್ರೀ. ನನ್ನ ಕೆಲಸಾನೇ ಅದು."

"ಬಾಯ್ಲರ್ ಹಚ್ಚಿದ್ದು ನಾನು ಅಂದೆ," ಎಂದ ಹಸಿರಪ್ಪ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನದಿಂದ ಕಾದ ಬಸ್ಸು ಬಂದಂಥ ಮುಖ. "ನಾಲ್ಕು ವಾರದಿಂದ. ಮಂಗಳವಾರ, ಶುಕ್ರವಾರ."

ಇನ್ಸ್‌ಪೆಕ್ಟರ್ ಸುತ್ತಲೂ ನೋಡಿದರು. "ಇವರು ಇದನ್ನ ಮೊದಲೂ ಹೇಳಿದ್ರಾ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕಲೆ ಹುಡುಕುವ ಅಕ್ಕ ಬಾಯಿ ಬಿಟ್ಟಳು. "ಹೇಳಿದ್ರು ಅನ್ಸುತ್ತೆ. ಆದ್ರೆ ಅವರು ಮಾತಾಡೋದೇ ಹಾಗಲ್ವಾ ಸಾರ್? ಒಂದ್ಸಲ 'ನಾನು ಕಾಡು ಸುಟ್ಟೆ' ಅಂತ ಎದ್ದು ನಿಂತ್ರು. ಎದೆ ಧಸಕ್ ಅಂತು. ನೋಡಿದ್ರೆ ಎರಡು ಹಾಳೆ ಹೆಚ್ಚು ಪ್ರಿಂಟ್ ತೆಗೆದಿದ್ರಂತೆ. ಇನ್ನೊಂದ್ಸಲ 'ಸಮುದ್ರ ಉಕ್ಕಿಸಿದೆ' ಅಂದ್ರು. ಲಿಫ್ಟ್ ಹತ್ತಿದ್ರಂತೆ. ಬಾಯ್ಲರ್ ಅಂದಾಗ, ಎರಡು ಸಲ ಟೀ ಕಾಯಿಸಿರ್ಬೇಕು ಅಂದ್ಕೊಂಡೆ."

"ನಾನು ನನ್ನ ಗೇಟಿನ ಮಾತು ಜೋಡಿಸ್ತಿದ್ದೆ," ಎಂದ ಡ್ರೈವರ್.

ದಫೇದಾರರು ತಲೆ ಚಚ್ಚಿಕೊಂಡರು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ಇಲ್ಲಿ ಇಷ್ಟು ಗಾಜಿದ್ದೂ ಒಬ್ಬರಿಗೂ ಕಾಣಲಿಲ್ವಲ್ಲ ಸಾರ್. ನಾವೂ ಗುರುವಾರ ಇವರನ್ನ ಎದುರಿಗೇ ಕೂರಿಸ್ಕೊಂಡಿದ್ವಿ."

"ಅದು ಗೊತ್ತು," ಎಂದರು ಇನ್ಸ್‌ಪೆಕ್ಟರ್ ಚುಟುಕಾಗಿ.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬಂಧನ. ಕೈಕೋಳ ಹಾಕಲಿಲ್ಲ. ಜೀಪಿನಲ್ಲಿ ಬರಲೊಪ್ಪದೆ, ನಡೆಯುವಷ್ಟೇ ದೂರ ಎಂದು ಆರೋಪಿಯೇ ಪೊಲೀಸರಿಗೆ ತಿಳಿಹೇಳಲು ನೋಡಿದ. ದಫೇದಾರರು ಅವನ ರಟ್ಟೆ ಹಿಡಿದು ಹತ್ತಿಸಿದರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಫೋನನ್ನು ಡ್ರಾಯರಿನೊಳಗೆ ಹಾಕಿ ಹೇಳಿಕೆ ಬರೆದುಕೊಂಡರು. ಈ ಸಲ ಮುನ್ನೂರು ವರ್ಷವನ್ನೂ ಬಿಡದೆ ಕೇಳಿದರು. ಅದು ಮುಗಿದ ಮೇಲೆ ವಿಷಯ ಬಂತು.

ಎರಡು ತಿಂಗಳ ಹಿಂದೆ ಕಾಂಪೌಂಡಿನ ಮೇಲೆ ಕೂರಿಸಿದ್ದ ಅಳತೆಯ ಯಂತ್ರ ಹೊಗೆ ಏರುತ್ತಿದೆ ಎಂದು ತೋರಿಸತೊಡಗಿತ್ತು. ಬಾಯ್ಲರೇ ಇಲ್ಲದ ಕಡೆ ಹೊಗೆ ಎಲ್ಲಿಯದು? ಯಂತ್ರ ಕೆಟ್ಟಿದೆ ಎಂದು ಬೇರೆ ತಂದು ಹಾಕಿದ. ಅದೂ ಅದನ್ನೇ ಹೇಳಿತು. ಕೊನೆಗೆ ಒಂದು ಬಣ್ಣದ ಡ್ರಮ್ ಬೋರಲು ಹಾಕಿ, ಹತ್ತಿ, ಗೋಡೆಯಾಚೆ ಇಣುಕಿದ.

"ಓಣಿ ಸಾರ್. ಆಸ್ಪತ್ರೆ ಹಾಸಿಗೆ ಬಟ್ಟೆ ಒಗೆಯೋ ಹೆಂಗಸರು. ಆ ಬಟ್ಟೆನ ಕುದಿಸಲೇಬೇಕು, ಇಲ್ಲದಿದ್ರೆ ಆಸ್ಪತ್ರೆಯೋರು ತಗೊಳ್ಳಲ್ಲ. ನಮ್ಮ ಬಾಯ್ಲರಿಂದ ಮಿಕ್ಕ ನೀರು ಮೋರಿಗೆ ಹೋಗ್ತಿತ್ತಲ್ಲ, ಅದನ್ನ ಅವರು ಎಷ್ಟೋ ವರ್ಷದ ಹಿಂದೆ ತಮ್ಮ ತೊಟ್ಟಿಗೆ ತಿರುಗಿಸ್ಕೊಂಡಿದ್ರು. ನಾವು ಬಾಯ್ಲರ್ ನಿಲ್ಲಿಸಿದ ದಿನ ಅವರ ನೀರು ನಿಂತಿದೆ. ಈಗ ಸಾಲಾಗಿ ಕಟ್ಟಿಗೆ ಒಲೆ. ಕಟ್ಟಿಗೆ ದುಬಾರಿ ಆದಹಾಗೆಲ್ಲ ಬಣ್ಣ ಬಳಿದ ಹಲಗೆ, ಮುರಿದ ಕುರ್ಚಿ, ಸಿಕ್ಕಿದ್ದೆಲ್ಲ ಹಾಕ್ತಿದ್ದಾರೆ. ಎಲ್ಲರ ಕಣ್ಣೂ ಕೆಂಪು."

ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಹೊಗೆ ನಿಲ್ಲಿಸಿದ್ವಿ ಅಂತ ಬಹುಮಾನ ತಗೊಂಡೆ ಸಾರ್. ಅದು ನಿಂತಿರಲಿಲ್ಲ, ಗೋಡೆ ದಾಟಿತ್ತು. ನನ್ನ ಲೆಕ್ಕ ಗೋಡೆವರೆಗೇ ಇತ್ತು."

"ಯಜಮಾನಿಗೆ ನೇರವಾಗಿ ಹೇಳಬಹುದಿತ್ತಲ್ಲ?"

"ಅವರ ಮೇಜು ಹಾಲ್ ಮಧ್ಯದಲ್ಲಿದೆ. ಯಾವಾಗಲೂ ಹತ್ತು ಜನ ಸುತ್ತ. ಬಾಗಿಲಿದ್ದಿದ್ರೆ ತಟ್ಟಿ ಒಳಗೆ ಹೋಗಿ, ಅಮ್ಮಾ ಹೀಗೆ ಎಡವಟ್ಟಾಗಿದೆ ಅಂತಿದ್ದೆ. ಇಲ್ಲದ ಬಾಗಿಲನ್ನ ಹೇಗೆ ತಟ್ಟೋದು? ನಮ್ಮಲ್ಲಿ ತಪ್ಪು ಹೇಳೋಕೆ ಅಂತಲೇ ಸೋಮವಾರ ಇದೆ. ಅಲ್ಲಿ ಹೇಳಿದೆ."

"ಬಿಸಿಲಿನ ನೀರನ್ನೇ ಆಚೆ ಕೊಡೋಕಾಗಲ್ವಾ?"

"ಆಗುತ್ತೆ. ಇನ್ನೊಂದು ಸಾಲು ಫಲಕ, ಉದ್ದಕ್ಕೆ ಪೈಪು. ದುಡ್ಡು ಹಾಕಬೇಕು, ಯಜಮಾನಿ ಒಪ್ಪಬೇಕು. ಅಲ್ಲಿವರೆಗೆ ವಾರಕ್ಕೆರಡು ದಿನವಾದ್ರೂ ಅವರ ಕಣ್ಣಿಗೆ ಬಿಡುವು ಸಿಗಲಿ ಅಂತ ಹಚ್ಚಿದೆ. ಮುದ್ರೆ ಒಡೆಯೋದು ತಪ್ಪು ಅಂತ ಗೊತ್ತಿತ್ತು ಸಾರ್."

ಮಧ್ಯಾಹ್ನ ಇನ್ಸ್‌ಪೆಕ್ಟರ್ ಮತ್ತು ದಫೇದಾರರು ಗೋಡೆಯಾಚೆ ಹೋಗಿ ಸ್ಥಳ ಮಹಜರು ಮಾಡಿದರು. ಓಣಿಯ ತುಂಬ ಬಿಳಿ ಬಟ್ಟೆ, ಅದರ ನಡುವೆ ಹೊಗೆ. ದಫೇದಾರರು ಕೆಮ್ಮಿ ಕೆಮ್ಮಿ ಬರೆಯಲಾಗದೆ ಟೋಪಿ ತೆಗೆದು ಬೀಸಿಕೊಂಡರು. ಪೈಪಿನ ಬಾಯಿ ನಿಜವಾಗಿಯೂ ಒಂದು ಸಿಮೆಂಟ್ ತೊಟ್ಟಿಯ ಮೇಲಿತ್ತು. ಅದರ ಪಕ್ಕ ಕೋಲಿನಿಂದ ಬಟ್ಟೆ ತಿರುವುತ್ತಿದ್ದ ಮುದುಕಿಯನ್ನು ಇನ್ಸ್‌ಪೆಕ್ಟರ್ ವಿಚಾರಿಸಿದರು.

"ಅಜ್ಜೀ, ಈಚೆಗೆ ಬಿಸಿನೀರು ಬರ್ತಿತ್ತಾ?"

"ಮಂಗಳವಾರ, ಶುಕ್ರವಾರ ಬರ್ತಿತ್ತಪ್ಪ. ಈ ಶುಕ್ರವಾರ ಬರಲಿಲ್ಲ."

"ಯಾರು ಬಿಡ್ತಾರೆ ಅಂತ ಆಚೆ ಹೋಗಿ ಕೇಳಲಿಲ್ವಾ?"

ಮುದುಕಿ ಇವನಿಗೇನಾದರೂ ಬುದ್ಧಿ ಇದೆಯೇ ಎಂಬಂತೆ ನೋಡಿದಳು. "ಕೇಳಿದ್ರೆ ನಿಂತುಹೋದ್ರೆ?"

ಮಂಗಳವಾರ ಹತ್ತಕ್ಕೆ ಇಲಾಖೆಯ ಅಧಿಕಾರಿ ಠಾಣೆಗೆ ಬಂದು ಕಡತ ನೋಡಿದರು. ಇದು ಕಂಪನಿ ಮಾಡಿದ್ದಲ್ಲ, ಒಬ್ಬ ವ್ಯಕ್ತಿ ಮಾಡಿದ್ದು ಎಂದು ಒಪ್ಪಿಕೊಂಡರು. ಅನುಮತಿ ಉಳಿಯಿತು. ಸುದ್ದಿ ಕಾರ್ಖಾನೆಗೆ ಮುಟ್ಟಿದಾಗ ಅಲ್ಲಿ ಎದ್ದ ಕೂಗು ಎರಡು ಬೀದಿ ಆಚೆಗೂ ಕೇಳಿಸಿತಂತೆ. ಅಧಿಕಾರಿ ಹೊರಡುವಾಗ, ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದ ಯಜಮಾನಿ ಅವರನ್ನು ತಡೆದರು.

"ಆ ಓಣಿ ಹೊಗೆನೂ ನಮ್ಮ ಲೆಕ್ಕಕ್ಕೆ ಸೇರಿಸ್ಕೊಳ್ಳಿ."

"ಅದು ನಿಮ್ಮ ಕಾಂಪೌಂಡ್ ಆಚೆ, ಮೇಡಂ. ನಮ್ಮ ನಿಯಮದಲ್ಲಿ ಬರಲ್ಲ."

"ನಮ್ಮದರಲ್ಲಿ ಬರುತ್ತೆ," ಎಂದರು ಯಜಮಾನಿ. "ಛಾವಣಿ ಮೇಲೆ ಇನ್ನೊಂದು ಸಾಲು ಫಲಕಕ್ಕೆ ಬೆಳಿಗ್ಗೆನೇ ಹೇಳಿದ್ದೀನಿ. ಹಸಿರಪ್ಪನೋರಿಗೆ ಜಾಮೀನೂ ನಾನೇ."

ದಫೇದಾರರು ಕನ್ನಡಕ ಸರಿಪಡಿಸಿಕೊಂಡರು. ದೂರುದಾರರೇ ಆರೋಪಿಗೆ ಜಾಮೀನು ನಿಂತ ಉದಾಹರಣೆ ಅವರಿಗೆ ನೆನಪಿರಲಿಲ್ಲ. ಕೂಡದು ಎಂದು ಎಲ್ಲೂ ಬರೆದಿರಲಿಲ್ಲವಾದ್ದರಿಂದ ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದರು. ಕೇಸು ಕೇಸಿನ ದಾರಿಯಲ್ಲಿ ಹೋಗುತ್ತದೆ, ದಂಡ ಬೀಳಬಹುದು ಎಂದು ಇನ್ಸ್‌ಪೆಕ್ಟರ್ ತಿಳಿಸಿದರು. ಹಸಿರಪ್ಪ ತಲೆಯಾಡಿಸಿದ.

ಕಾಗದಗಳಿಗೆ ಠಸ್ಸೆ ಬೀಳುತ್ತಿರುವಾಗ ಇನ್ಸ್‌ಪೆಕ್ಟರ್ ಕೊನೆಯದಾಗಿ ಒಂದು ಕೇಳಿದರು. ಅದು ಕಡತಕ್ಕೆ ಬೇಕಾದ ಪ್ರಶ್ನೆಯಲ್ಲ.

"ಮೊದಲನೇ ಸೋಮವಾರ ಹೇಳಿ ಕೂತ್ರಲ್ಲ. ಆಮೇಲೆ ಏನಾಯ್ತು?"

"ಚಪ್ಪಾಳೆ ಬಿತ್ತು ಸಾರ್. ಎದೆ ಹಗುರ ಆಯ್ತು. ಎಲ್ಲರಿಗೂ ಗೊತ್ತಾಯ್ತು, ಇನ್ನು ಯಾರಾದ್ರೂ ಬಂದು 'ಯಾಕೆ' ಅಂತ ಕೇಳ್ತಾರೆ, ಆಗ ಓಣಿ ವಿಷಯ ಪೂರ್ತಿ ಹೇಳೋಣ ಅಂತ ಕಾದೆ. ಊಟಕ್ಕೂ ಏಳಲಿಲ್ಲ, ನಾನಿಲ್ಲದಾಗ ಬಂದುಬಿಟ್ರೆ ಅಂತ."

"ಯಾರೂ ಬರಲಿಲ್ವಾ?"

"ಸಂಜೆ ಲೆಕ್ಕಪತ್ರದೋರು ಬಂದ್ರು. ಹೆಗಲ ಮೇಲೆ ಕೈ ಹಾಕಿ 'ಇವತ್ತು ಚೆನ್ನಾಗಿ ಮಾತಾಡಿದ್ರಿ' ಅಂತ ಹೇಳಿ ಹೋದ್ರು. ಮಾರನೇ ದಿನ ಹೋಗಿ ಮತ್ತೆ ಹಚ್ಚಿದೆ."

ಯಜಮಾನಿಯ ಪೆನ್ನು ಕಾಗದದ ಮೇಲೆ ನಿಂತಿತು. ಸಹಿ ಮುಗಿಸಿ, ಕಾರಿನ ಕೀಲಿಯನ್ನು ಚೀಲದೊಳಗೆ ಹಾಕಿ, "ನಡ್ಕೊಂಡೇ ಹೋಗೋಣ. ಓಣಿ ಕಡೆಯಿಂದ," ಎಂದರು.

ಇನ್ಸ್‌ಪೆಕ್ಟರ್ ಠಾಣೆಯ ಮೆಟ್ಟಿಲ ಮೇಲೆ ನಿಂತು ನೋಡಿದರು. ಹಸಿರಪ್ಪ ಎರಡೂ ಕೈ ಆಡಿಸುತ್ತ ಮಾತಾಡುತ್ತಿದ್ದ, ಯಜಮಾನಿ ಪಕ್ಕದಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದರು. ತಿರುವಿನ ಹತ್ತಿರ ಅವರು ನಿಂತು, ಕೈ ಎತ್ತಿ ಅವನ ಮಾತು ತಡೆದು, ಏನೋ ಕೇಳಿದರು.

ಹಸಿರಪ್ಪ ಕರವಸ್ತ್ರಕ್ಕಾಗಿ ಜೇಬೆಲ್ಲ ತಡಕಾಡಿದ, ಸಿಗಲಿಲ್ಲ, ತೋಳಿನಿಂದಲೇ ಕಣ್ಣೊರೆಸಿಕೊಂಡ. ಆಮೇಲೆ ಹೇಳತೊಡಗಿದ.